ಅಮೆರಿಕದ ಗಿಟಾರು, ಕಲಾಯಿ ಸಣ್ಣೀರನ ಕನ್ನಡಿ

"ಕೇಳ್ರಪ್ಪೋ ಕೇಳಿ! ಕಣಿವೆಹಾಳಿನ ದೊರೆ ಬೊಮ್ಮರಸರ ಅಪ್ಪಣೆ ಏನಪ್ಪಾ ಅಂದ್ರೆ, ರಾಜಕುಮಾರಿ ಹೊನ್ನಾಂಬೆಯವರ ಹತ್ತಿರ ಅಮೆರಿಕದಿಂದ ಹಡಗಿನಲ್ಲಿ ಬಂದ ಹಳೇ ಗಿಟಾರಿದೆ. ಅದರ ಹುಟ್ಟಿನ ಮೇಲೆ ಮೂರು ಒಗಟು. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿ ಜೊತೆ ಮದುವೆ, ಮೇಲೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!"

ಅರ್ಧ ರಾಜ್ಯ ಅಂದ ತಕ್ಷಣ ಬಾಯಿ ಬಿಡಬೇಡಿ ಮತ್ತೆ. ಕಣಿವೆಹಾಳಿಗೆ ಇದ್ದದ್ದೇ ಹನ್ನೆರಡು ಹಳ್ಳಿ, ಅದರಲ್ಲಿ ಎರಡು ಬರೀ ಬಂಡೆ. ಆದರೂ ಗಂಡುಗಳು ಬಂದವು. ಮದುವೆ ಎಂದರೆ ಬರದೆ ಇರುತ್ತವೆಯೇ?

ಆ ಗಿಟಾರು ಹೊನ್ನಾಂಬೆಯ ತಾಯಿಯದು. "ಇದನ್ನು ಯಾವ ಪುಣ್ಯಾತ್ಮ ಮಾಡಿದನೋ, ಒಮ್ಮೆ ಗೊತ್ತಾಗಿದ್ದರೆ" ಎನ್ನುತ್ತಲೇ ಆಕೆ ಕಣ್ಣು ಮುಚ್ಚಿದ್ದಳು. ಮಗಳ ಎದೆಯಲ್ಲಿ ಆ ಮಾತು ಮುಳ್ಳಾಗಿ ಉಳಿದಿತ್ತು. ಈಚೆಗೆ ಗಿಟಾರೂ ಮೊದಲಿನ ಹಾಗೆ ನುಡಿಯುತ್ತಿರಲಿಲ್ಲ, ಮೀಟಿದರೆ ಒಳಗೆಲ್ಲೋ ಗೊರಗೊರ ಅನ್ನುತ್ತಿತ್ತು.

ಮೊದಲು ಬಂದವನು ಪಕ್ಕದ ಸೀಮೆಯ ಯುವರಾಜ. ಹೊನ್ನಾಂಬೆ ಗಿಟಾರನ್ನು ಮುಂದಿಟ್ಟು ಕೇಳಿದಳು: "ಇದರ ಮೈತುಂಬ ಹುಲಿಪಟ್ಟೆ ಇದೆ. ಈ ಪಟ್ಟೆ ಯಾವ ಮರದಲ್ಲಿ ಬೆಳೆದದ್ದು?"

"ಬೀಟೆ! ನಮ್ಮ ಮನೆ ಬಾಗಿಲೆಲ್ಲ ಬೀಟೆಯದೇ," ಎಂದ ಅವನು, ಕೇಳದಿದ್ದುದನ್ನೂ ಸೇರಿಸಿ. ಸೆರೆಮನೆಗೆ ಹೋದ. ಎರಡನೆಯವನು ತೇಗ ಎಂದು ಅವನ ಜೊತೆಗೆ ಸೇರಿಕೊಂಡ. ಮೂರನೆಯವನು ಮಂತ್ರಿಯ ಮಗ, ಜಾಣ. ಉಗುರಿನಿಂದ ಒಂದು ಮೂಲೆ ಕೆರೆದು, "ಇದು ಬಣ್ಣ" ಎಂದ. ಸಭೆಯೆಲ್ಲ ಭೇಷ್ ಎಂದಿತು.

"ಸರಿ. ಇದರ ತಲೆಯ ಮೇಲೆ ಚಿನ್ನದ ಅಕ್ಷರದಲ್ಲಿ ಒಂದು ಹೆಸರಿದೆ. ಆ ಹೆಸರಿನವನು ಇದಕ್ಕೆ ಏನಾಗಬೇಕು?"

"ಇನ್ನೇನಾಗಬೇಕು? ಅಪ್ಪ! ಮಾಡಿದವನಲ್ಲದೆ ಇನ್ಯಾರು ಹೆಸರು ಹಾಕಿಕೊಳ್ಳುತ್ತಾರೆ?" ಎಂದ ಮಂತ್ರಿಮಗ, ಮತ್ತು ಅವನೂ ಒಳಗೆ ಹೋದ.

ಶುಕ್ರವಾರ ಮೂವರ ತಲೆ ತೆಗೆಯುವುದೆಂದಾಯಿತು. ಪಾಪ, ಕೊಡಲಿ ಭೀಮಣ್ಣ ಆಯುಧಪೂಜೆಯ ಬೂದುಗುಂಬಳ ಬಿಟ್ಟರೆ ಇನ್ನೇನನ್ನೂ ಕಡಿದವನಲ್ಲ. ಅವನಿಗೆ ಅನ್ನವೇ ಇಳಿಯಲಿಲ್ಲ.

ಅದೇ ವಾರ ಅರಮನೆಯ ಹಿತ್ತಲಲ್ಲಿ ಸಣ್ಣೀರ ಎಂಬ ಹುಡುಗ ತಿದಿ ಒತ್ತುತ್ತ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅಡುಗೆಯ ಭಾಗಮ್ಮ ಒಗಟುಗಳನ್ನು ಹೇಳಿ ಕಣ್ಣೊರೆಸಿಕೊಂಡಳು. "ಮೂರು ಮನೆ ಮಕ್ಕಳು ಕಣೋ."

"ಅಯ್ಯೋ, ಇಷ್ಟಕ್ಕೇ ಸಾಯ್ತಾರಾ ಭಾಗಮ್ಮಾ?" ಎಂದು ಸಣ್ಣೀರ ಮಸಿಕೈಯಲ್ಲೇ ಎದ್ದು ಸಭೆಗೆ ಹೋದ.

"ತಪ್ಪಿದರೆ ನಿನ್ನದೂ ಹೋಗುತ್ತೆ," ಎಂದ ರಾಜ ಬೊಮ್ಮರಸ.

"ಗೊತ್ತು ಬುದ್ಧಿ. ಗೆದ್ದರೆ ಮೊದಲು ಆ ಮೂವರನ್ನು ಬಿಡಬೇಕು." ಸಣ್ಣೀರ ಗಿಟಾರಿನ ಹೊಟ್ಟೆಯ ತೂತಿಗೆ ಕಣ್ಣಿಟ್ಟ. "ಪಟ್ಟೆ ಯಾವ ಮರದಲ್ಲೂ ಬೆಳೆದಿಲ್ಲ ತಾಯಿ, ಕುಂಚದಲ್ಲಿ ಬೆಳೆದದ್ದು. ಕೆರೆಯೋದೇ ಬೇಡ. ಮರದ ಪಟ್ಟೆಯಾಗಿದ್ದರೆ ಒಳಗೂ ಇರಬೇಕಿತ್ತು, ಒಳಗೆ ಬರೀ ಬಿಳಿ ಹಲಗೆ. ಕಲಾಯಿಯವನು ಪಾತ್ರೆಯ ಒಳಗನ್ನೇ ಮೊದಲು ನೋಡೋದು."

"ತಲೆಯ ಮೇಲಿನ ಹೆಸರು?"

"ನಿಮ್ಮ ಅಡುಗೆಮನೇಲಿ ನೂರು ಬಿಂದಿಗೆ ಇವೆ. ಒಂದರ ಮೇಲಾದರೂ ಬಡಿದ ಕಂಚುಗಾರನ ಹೆಸರಿದೆಯಾ? ಎಲ್ಲಾ ಮದುವೆಗೆ ಉಡುಗೊರೆ ಕೊಟ್ಟ ನೆಂಟರ ಹೆಸರು. ಇದೂ ಹಂಗೇ. ಹೆಸರಿನವನು ಅಪ್ಪ ಅಲ್ಲ, ಅಂಗಡಿಯವನು. ಯಾರಿಂದಲೋ ಮಾಡಿಸಿ ತನ್ನ ಹೆಸರು ಹೊಡೆಸಿದ್ದಾನೆ."

ಹೊನ್ನಾಂಬೆ ಎದ್ದು ನಿಂತಳು. ಆ ಅಂಗಡಿಗೆ ಅವಳು ಕಾಗದ ಬರೆದಿದ್ದಳು. ಶಿಕಾಗೋ ಊರಿನ ಒಂದು ಕಾರ್ಖಾನೆ ಇಪ್ಪತ್ತು ಅಂಗಡಿಗೆ ಇಪ್ಪತ್ತು ಹೆಸರಲ್ಲಿ ಇಂಥವನ್ನು ಮಾಡಿ ಕೊಡುತ್ತಿತ್ತು, ಈಗ ಅದು ಮುಚ್ಚಿದೆ ಎಂದು ಉತ್ತರ ಬಂದಿತ್ತು.

"ಮೂರನೆಯದು," ಎಂದಳು, ದನಿ ಸಣ್ಣದಾಗಿ. "ಹಾಗಾದರೆ ಇದನ್ನು ಮಾಡಿದ ಕೈ ಯಾರದು?"

ಸಣ್ಣೀರ ಅವಳ ಮುಖವನ್ನೇ ನೋಡಿದ. "ಇದರ ಉತ್ತರ ನಿಮಗೇ ಗೊತ್ತಿಲ್ಲ, ಅಲ್ವಾ ತಾಯಿ?"

ರಾಜ ಸಿಂಹಾಸನದಿಂದ ಅರ್ಧ ಎದ್ದ. "ಏನಮ್ಮಾ! ಉತ್ತರ ಗೊತ್ತಿಲ್ಲದೆ ತಲೆ ತೆಗೆಸೋಕೆ ಹೊರಟಿದ್ದೆಯಾ?"

"ತಲೆ ತೆಗೆಯೋ ಮಾತು ಸೇರಿಸಿದ್ದು ನೀವು ಅಪ್ಪಾಜಿ. ನಾನು ಕೇಳಿದ್ದು ಒಗಟು ಮಾತ್ರ. ಗೊತ್ತಿಲ್ಲ ಅಂತಲೇ ಕೇಳಿದ್ದು." ಅವಳ ಕಣ್ಣು ತುಂಬಿತ್ತು. "ಅಮ್ಮನಿಗೆ ಹೇಳಲಾಗಲಿಲ್ಲ."

ಸಣ್ಣೀರ ಸೊಂಟದಿಂದ ಅಂಗೈಯಗಲದ ಕನ್ನಡಿ ತೆಗೆದ. ಬಾಯಿ ಕಿರಿದಾದ ಬಿಂದಿಗೆಯ ಮೂಲೆಮೂಲೆಗೂ ತವರ ಹತ್ತಿತೋ ಇಲ್ಲವೋ ಎಂದು ಕನ್ನಡಿ ಇಳಿಬಿಟ್ಟು ನೋಡುವುದು ಅವನ ಕಸುಬಿನ ರೂಢಿ. ತಂತಿಗಳನ್ನು ಸಡಿಲಿಸಿ ಕನ್ನಡಿಯನ್ನು ತೂತಿನೊಳಗೆ ಇಳಿಸಿ, ಕಿಟಕಿಯ ಬಿಸಿಲನ್ನು ಅದರ ಮೇಲೆ ಬೀಳಿಸಿದ. ಮುಂದಿನ ಹಲಗೆಯ ಒಳಮೈ ಬೆಳಗಿತು.

"ಹಲಗೆಗೆ ಆಸರೆಯಾಗಿ ಅಂಟಿಸಿದ ಮರದ ಪಟ್ಟಿ ಇಲ್ಲೊಂದು ಬಿಟ್ಟುಕೊಂಡಿದೆ, ಗೊರಗೊರ ಅದರದ್ದೇ. ಪಕ್ಕದಲ್ಲಿ ಸೀಸದಕಡ್ಡಿಯಲ್ಲಿ ಏನೋ ಗೀಚಿದ್ದಾರೆ. ನನಗೆ ಓದು ಬರಲ್ಲ, ನೀವೇ ನೋಡಿ."

ಅಕ್ಷರಗಳು ಕನ್ನಡಿಯಲ್ಲಿ ತಿರುಗುಮುರುಗಾಗಿದ್ದವು. ಹೊನ್ನಾಂಬೆ ಒಂದೊಂದೇ ಕೂಡಿಸಿ, ಅರ್ಥ ಬಿಡಿಸಿ ಓದಿದಳು: "ಈ ಪಟ್ಟಿಗಳನ್ನು ಅಂಟಿಸಿದವಳು ಆಗ್ನೆಸ್. ಇವತ್ತು ನಾನು ಹುಟ್ಟಿದ ದಿನ. ಯಾರಿಗೂ ನೆನಪಿಲ್ಲ."

"ಹೆಂಗಸು! ಅಮ್ಮ ಪುಣ್ಯಾತ್ಮ ಅಂತಿದ್ದಳು, ಇವಳು ಪುಣ್ಯಾತ್ಗಿತ್ತಿ!" ಎಂದು ಹೊನ್ನಾಂಬೆ ನಗುತ್ತಲೇ ಅತ್ತಳು. ರಾಜನೂ ಶಲ್ಯದಿಂದ ಮೂಗೊರೆಸಿಕೊಂಡ.

ಸೆರೆಮನೆಯ ಬಾಗಿಲು ತೆರೆಯಿತು. ಎಲ್ಲರಿಗಿಂತ ಜೋರಾಗಿ ಕುಣಿದವನು ಕೊಡಲಿ ಭೀಮಣ್ಣ. ಹೊನ್ನಾಂಬೆ ಸಣ್ಣೀರನನ್ನು ಕೇಳಿದಳು: "ಡಂಗುರ ಹೊಡೆದಾಗಿದೆ. ನಿನಗೆ ಒಪ್ಪಿಗೆಯಾ?" ಅವನು ಮಸಿಕೈ ಒರೆಸಿಕೊಂಡು ಹೂಂ ಅಂದ. ಅರ್ಧ ರಾಜ್ಯದಲ್ಲಿ ಅವನ ಪಾಲಿಗೆ ಆ ಎರಡು ಬಂಡೆಹಳ್ಳಿಯೂ ಬಂದವು, ಆ ಮಾತು ಬಿಡಿ.

ಮದುವೆಗೆ ಬಂದ ಪ್ರತಿ ಬಿಂದಿಗೆಯ ಮೇಲೂ ಕೊಟ್ಟವರ ಹೆಸರಿನ ಕೆಳಗೆ ಬಡಿದ ಕಂಚುಗಾರನ ಹೆಸರನ್ನೂ ಹೊಡೆಸಿದರು. ಬಿಟ್ಟುಕೊಂಡ ಪಟ್ಟಿಯನ್ನು ಸಣ್ಣೀರನೇ ಅಂಟಿಸಿ, ಹಸಿ ಅಂಟಿನ ಮೇಲೆ ಆಗ್ನೆಸಳ ಹೆಸರಿನ ಪಕ್ಕ ಹೆಬ್ಬೆಟ್ಟು ಒತ್ತಿದ. ಆಕೆ ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲವಲ್ಲ, ಅದಕ್ಕೇ ಕಣಿವೆಹಾಳಿನಲ್ಲಿ ಆ ಗಿಟಾರು ನುಡಿದ ಪ್ರತಿ ದಿನವೂ ಮನೆಮನೆಯಲ್ಲೂ ಪಾಯಸ ಮಾಡುತ್ತಾರೆ.