ಬಿಚ್ಚದ ಗಂಟು

ಎತ್ತರದ ಮರಗಳ ಕೊಂಬೆ ಸವರುವ ಜವರಪ್ಪನ ಗರಗಸ ಅವನನ್ನೇ ಹೊತ್ತಿದ್ದ ಹಗ್ಗಕ್ಕೆ ತಗುಲಿತು. ಹಗ್ಗ ಹೆದರಿ, ಪಕ್ಕದಲ್ಲೇ ಇದ್ದ ಅವನ ಸೊಂಟದ ಗಂಟಿಗೆ ಹೇಳಿತು: "ನನಗೆ ಗಾಯವಾಗಿದೆ. ಕಂಡರೆ ಒಲೆಗೆ ಹಾಕುತ್ತಾನೆ."

"ಗಾಯವನ್ನು ನನ್ನ ಮಡಿಕೆಯೊಳಗೆ ಅಡಗಿಸಿಕೋ," ಎಂದಿತು ಗಂಟು. "ಬಿಗಿಯಾಗಿರುವ ಗಂಟನ್ನು ಯಾರೂ ಬಿಚ್ಚಿ ನೋಡುವುದಿಲ್ಲ."

ಮರುದಿನ ಬೆಳಿಗ್ಗೆ ಜವರಪ್ಪ ಎಂದಿನಂತೆ ಹಗ್ಗದ ಉದ್ದಕ್ಕೂ ಅಂಗೈ ಆಡಿಸಿ ಪರೀಕ್ಷಿಸಿದ. ಗಂಟಿನ ಬಳಿ ಬಂದಾಗ ಒಮ್ಮೆ ಜಗ್ಗಿದನಷ್ಟೆ. "ನಿನ್ನೆ ಕಟ್ಟಿದ್ದೇ ಗಟ್ಟಿಯಾಗಿದೆ. ಮತ್ತೆ ಯಾಕೆ ಬಿಚ್ಚಿ ಕಟ್ಟೋದು?" ಎಂದು ಜೊತೆಗಾರ ಮಾದಯ್ಯನಿಗೆ ಹೇಳಿ ಮರ ಹತ್ತಿದ.

ಅರ್ಧ ಮರದಲ್ಲಿ ಹಗ್ಗ ಗಂಟಿನೊಳಗೇ ತುಂಡಾಯಿತು.

ಬಿದ್ದವನು ಮತ್ತೆ ಏಳಲಿಲ್ಲ. ಮಾದಯ್ಯ ಜವರಪ್ಪನ ಸೊಂಟ ಹಿಡಿದು ಕೂತ. ಅವನ ಬೆರಳಡಿ ಗಂಟು ಹೇಳಿತು: "ನಾನಂತೂ ಸಡಿಲವಾಗಲಿಲ್ಲ."