ಗೀಜಗನ ಒಳಕೋಣೆ

ಜಾಲಿಮರದ ಗೀಜಗ, ಮನೆಗಂದಾಯ ಗೊತ್ತುಮಾಡುವ ಮರಕುಟಿಗನ ಬಳಿ ಹೋಗಿ, "ಸ್ವಾಮಿ, ನನ್ನ ಗೂಡಿಗೆ ಎರಡು ಕೋಣೆಯ ಕಂದಾಯ ಹಾಕಿದ್ದೀರಿ. ಈಗ ಇರುವವನು ನಾನೊಬ್ಬನೇ. ದಯವಿಟ್ಟು ಇನ್ನೊಮ್ಮೆ ಅಳೆದು ನೋಡಿ" ಎಂದಿತು.

ಮರಕುಟಿಗ ಬಂದು ಗೂಡಿನೊಳಗೆ ಇಣುಕಿತು. "ಒಳಕೋಣೆ ಯಾರದು?"

"ನನ್ನವಳದು. ಮಳೆಗಾಲ ಮುಗಿದಾಗ ಹಾರಿಹೋದಳು."

"ಹಾಗಾದರೆ ಅದರ ಬಾಗಿಲನ್ನು ಹುಲ್ಲಿನಿಂದ ಹೆಣೆದು ಮುಚ್ಚಿಬಿಡಯ್ಯಾ. ಒಂದೇ ಕೋಣೆಯ ಕಂದಾಯ ಹಾಕುತ್ತೇನೆ."

ಗೀಜಗ ಹುಲ್ಲೆಳೆ ತಂದಿತು. ಬಾಗಿಲಲ್ಲಿ ಕೂತು ಬಹಳ ಹೊತ್ತು ಒಳಗೆ ನೋಡಿತು. ಆಮೇಲೆ ಒಳಗೆ ಹೋಗಿ, ಅದೇ ಎಳೆಯಿಂದ ಸಡಿಲವಾಗಿದ್ದ ಮೂಲೆಯನ್ನು ಬಿಗಿಯಾಗಿ ಹೆಣೆಯಿತು.

"ಇದೇನು ಮಾಡಿದೆ?" ಎಂದಿತು ಮರಕುಟಿಗ.

"ಎರಡು ಕೋಣೆಯೆಂದೇ ಇರಲಿ, ಸ್ವಾಮಿ. ಅವಳು ಬಂದರೆ ಮೊದಲು ಎಳೆದು ನೋಡುವುದು ಈ ಮೂಲೆಯನ್ನೇ."