ಹಸಿ ಅಚ್ಚು

“ಗುರುಗಳೇ, ಅಪಾಯ ತಿಳಿದೂ ಸುಮ್ಮನಿದ್ದವನ ತಪ್ಪಿಗೆ ಕ್ಷಮೆ ಉಂಟೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಕಂಚಿನ ಗಂಟೆಗಳನ್ನು ಎರಕ ಹೊಯ್ಯುವ ಕುಲುಮೆಯಿತ್ತು. ಅಲ್ಲೊಬ್ಬ ಅಚ್ಚುಗಾರ. ಮಣ್ಣಿನ ಅಚ್ಚು ಪೂರ್ತಿ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ಹೇಳುವುದು ಅವನ ಕೆಲಸ. ಹಸಿ ಉಳಿದ ಅಚ್ಚಿಗೆ ಕರಗಿದ ಕಂಚು ಬಿದ್ದರೆ ಅದು ಸಿಡಿಯುತ್ತದೆ, ಹತ್ತಿರವಿದ್ದವರು ಉಳಿಯುವುದಿಲ್ಲ.

ಒಂದು ದಿನ ಅವನಿಗೆ ಅನುಮಾನ ಬಂತು. “ನಿಲ್ಲಿಸಿ!” ಎಂದು ಕೂಗಿದ. ಸುರಿಯಲು ಎತ್ತಿದ್ದ ಕಂಚು ಹಾಗೇ ಗಟ್ಟಿಯಾಯಿತು. ಅಚ್ಚು ಒಡೆದು ನೋಡಿದರೆ ಒಳಗೆ ಹಸಿಯ ಸುಳಿವೇ ಇಲ್ಲ. ಯಜಮಾನ ಕೆಂಡವಾದ. “ಎಲೆ ಅಲ್ಲಾಡಿದರೂ ಬೆದರುವ ದನ ನೀನು” ಎಂದು ದನದ ಗಂಟೆಯೊಂದನ್ನು ತರಿಸಿ ಅವನ ಕೊರಳಿಗೆ ಕಟ್ಟಿಸಿದ. ಸಂಜೆಯವರೆಗೆ ಬಿಚ್ಚಕೂಡದೆಂದು ಅಪ್ಪಣೆ. ಅವನು ಒಂದೊಂದು ಹೆಜ್ಜೆ ಇಟ್ಟಾಗಲೂ ಗಂಟೆ ಬಡಿಯಿತು, ಜೊತೆಗಾರರು ನಕ್ಕರು. ಅಲ್ಲೇ ಕಂಚು ಸುರಿಯುವ ಕೆಲಸಕ್ಕಿದ್ದ ಅವನ ಭಾವಮೈದುನನೂ ನಕ್ಕ. ಎರಡು ದಿನ ಅಚ್ಚುಗಾರನಿಗೆ ಅನ್ನ ಇಳಿಯಲಿಲ್ಲ.

ಮರುತಿಂಗಳು ದೊಡ್ಡ ಗಂಟೆಯೊಂದರ ಎರಕ. ವಾರವೆಲ್ಲ ಬಿಸಿಲಿರಲಿಲ್ಲ, ಯಜಮಾನನಿಗೆ ಅವಸರ. ಅಚ್ಚುಗಾರ ಅಚ್ಚಿನ ಬುಡ ಮುಟ್ಟಿದ. ಅಂಗೈಗೆ ತಣ್ಣಗೆ ತಾಗಿತು. ತಲೆಯೆತ್ತಿದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಕೈ ಬೆವರಿರಬೇಕು ಎಂದು ತನಗೆ ತಾನೇ ಹೇಳಿಕೊಂಡ.

“ಒಣಗಿದೆ” ಎಂದ.

ಅಚ್ಚು ಸಿಡಿಯಿತು. ಕಂಚು ಸುರಿಯುತ್ತಿದ್ದ ಭಾವಮೈದುನ ಅಲ್ಲೇ ಸತ್ತ.

ಊರ ಹಿರಿಯರು ಸೇರಿದರು. “ಇಪ್ಪತ್ತು ವರ್ಷ ಪಳಗಿದ ಕೈಗೆ ಹಸಿ ತಿಳಿಯಲಿಲ್ಲವೇ?” ಎಂದು ಯಜಮಾನ ಎಲ್ಲರೆದುರು ಗದರಿದ.

“ಕೈಗೆ ತಿಳಿಯಿತು, ಒಡೆಯಾ. ನಾಲಿಗೆ ಏಳಲಿಲ್ಲ. ತಪ್ಪು ನನ್ನದೇ” ಎಂದ ಅಚ್ಚುಗಾರ.

ನಾಲಿಗೆ ಏಕೆ ಏಳಲಿಲ್ಲವೆಂದು ಆ ಸಭೆಯಲ್ಲಿ ಒಬ್ಬನೂ ಕೇಳಲಿಲ್ಲ. ಅವನನ್ನು ಊರು ಬಿಡಿಸಿದರು. ಯಜಮಾನ ತಾನೇ ಮುಂದೆ ನಿಂತು ಸತ್ತವನ ತಿಥಿ ಮಾಡಿಸಿದ. ಉಂಡವರು ಅವನನ್ನು ಧರ್ಮಾತ್ಮನೆಂದು ಹೊಗಳಿದರು. ಆಮೇಲೆ ಹೊಸ ಅಚ್ಚುಗಾರ ಬಂದ. “ಏನಿದ್ದರೂ ಹೆದರದೆ ಹೇಳಬೇಕು” ಎಂದು ಯಜಮಾನ ಅವನಿಗೆ ಬುದ್ಧಿ ಹೇಳಿದ. ಹೊಸಬ ಮೊದಲು ಯಜಮಾನನ ಮುಖ ನೋಡಿದ, ಆಮೇಲೆ ಅಚ್ಚು ಮುಟ್ಟಿದ.

ಗುರುಗಳು ಕತೆ ನಿಲ್ಲಿಸಿದರು. “ಹಾಗಾದರೆ ಆ ಅಚ್ಚುಗಾರನ ತಪ್ಪೇ ಇಲ್ಲವೇ?” ಎಂದ ಶಿಷ್ಯ.

ಗುರುಗಳ ದನಿ ಗಡುಸಾಯಿತು: “ಇದೆ, ಅದನ್ನು ಅವನೇ ಒಪ್ಪಿಕೊಂಡ, ಬಾಯಿ ಮುಚ್ಚಿಸಿದವರ ತಪ್ಪನ್ನು ನೀನೂ ಏಕೆ ಕೇಳಲಿಲ್ಲ?”